ಮೊದಲು ದೊಡ್ಡಪ್ಪನಿಗೆ ಹೇಳಬೇಕು

ನನ್ನ ಕೆಲಸದಲ್ಲಿ ನಗಬಾರದ ಕಡೆಯೇ ನಗು ಬರುತ್ತೆ. ನಾನು ಹೊಸೂರಿನ ಆಲಸನತ್ತಂ ಬಡಾವಣೆಯ ಮನೆಯಲ್ಲೇ ಕೂತು ಮೊಬೈಲ್ ಆಪ್ ಮಾಡೋಳು. ತವರು ಬಾಗಲೂರು ಪಕ್ಕದ ಹಳ್ಳಿ. ಅಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ನಮ್ಮ ದೊಡ್ಡಪ್ಪನಿಗೆ ಹೇಳಬೇಕು. ಅವರು ‘ಸರಿ’ ಅಂದ ಮೇಲೇ ತಮಟೆ. ಈಗ ಅರ್ಧ ಊರು ಹೊಸೂರಿನ ಫ್ಯಾಕ್ಟರಿಗಳಲ್ಲಿರುತ್ತೆ, ತಮಟೆ ಅಲ್ಲಿಗೆ ಕೇಳಿಸಲ್ಲ. ಸಾವಿನ ಸುದ್ದಿ ತಿಳಿಸೋ ಆಪ್ ಮಾಡಿಕೊಡು ಅಂತ ಊರಿನೋರು ಅಂದರು. ದೊಡ್ಡಪ್ಪನದು ಒಂದೇ ಷರತ್ತು: ಸುದ್ದಿ ಮೊದಲು ಅವರ ಫೋನಿಗೆ ಬರಬೇಕು, ಅವರು ‘ಸರಿ’ ಒತ್ತಿದ ಮೇಲೇ ಊರಿಗೆ ಹೋಗಬೇಕು. ಹಾಗೇ ಮಾಡಿದೆ.

೧. ಕೆಳಗಿನ ಮಿತಿ

ಆಪ್ ಕಟ್ಟುವಾಗ ಮಿನ್ ಎಸ್‌ಡಿಕೆ ಅಂತ ಒಂದು ಸಂಖ್ಯೆ ಬರೀಬೇಕು. ಅದಕ್ಕಿಂತ ಹಳೇ ಆಂಡ್ರಾಯ್ಡ್ ಇರೋ ಫೋನಿಗೆ ಆಪ್ ಇಳಿಯೋದೇ ಇಲ್ಲ. ನಾನು ನನ್ನ ಹೊಸ ಫೋನ್ ನೋಡಿಕೊಂಡು ದೊಡ್ಡ ಸಂಖ್ಯೆ ಹಾಕಿದೆ. ಊರಿಗೆಲ್ಲ ಇಳೀತು, ದೊಡ್ಡಪ್ಪನಿಗೆ ಇಳೀಲಿಲ್ಲ. ನಮ್ಮ ಕಡೆ ಫೋನು ಮಗನಿಂದ ಸೊಸೆಗೆ, ಸೊಸೆಯಿಂದ ಮಾವನಿಗೆ ಬರುತ್ತೆ.

“ನಿಮ್ಮ ಫೋನ್ ಹಳೇದಾಯ್ತು ದೊಡ್ಡಪ್ಪ,” ಅಂದೆ.

“ಸಾಯೋ ವಯಸ್ಸಿನೋರ ಹತ್ರ ಇರೋದೆಲ್ಲ ಹಳೇ ಫೋನೇ ಅಮ್ಮಣ್ಣಿ. ಸಾವಿನ ಸುದ್ದಿ ಹುಡುಗ್ರಿಗೆ ಮಾತ್ರ ಹೇಳ್ತೀಯಾ?”

ಅವತ್ತೇ ಸಂಖ್ಯೆ ಇಳಿಸಿದೆ.

೨. ಹೊಸ ಕಾನೂನು

ಇನ್ನೊಂದು ಸಂಖ್ಯೆ ಟಾರ್ಗೆಟ್ ಎಸ್‌ಡಿಕೆ. ಯಾವ ಆಂಡ್ರಾಯ್ಡಿನ ಕಾನೂನಿಗೆ ಆಪ್ ತಲೆಬಾಗುತ್ತೆ ಅಂತ ಕೊಡೋ ಮಾತು ಅದು. ಏರಿಸದಿದ್ದರೆ ಪ್ಲೇ ಸ್ಟೋರ್‌ನವರು ಬಿಡಲ್ಲ, ಏರಿಸಿದೆ. ಆ ಕಾನೂನಿನಂತೆ ಹೊಸ ಫೋನುಗಳಲ್ಲಿ ಆಪ್ ಸುದ್ದಿ ತೋರಿಸೋಕೆ ಮುಂಚೆ ಒಪ್ಪಿಗೆ ಕೇಳಬೇಕು. ಬ್ಯಾಂಕ್ ಮೋಸ ಜಾಸ್ತಿಯಾಗಿದೆ, ಫೋನ್ ಏನೇ ಕೇಳಿದರೂ ‘ಬೇಡ’ ಒತ್ತಿ ಅಂತ ಊರಿಗೆಲ್ಲ ಬುದ್ಧಿ ಹೇಳಿದ್ದೋಳು ನಾನೇ. ನನ್ನ ಮಾತನ್ನ ಯಾವತ್ತೂ ಕೇಳದ ಜನ ಅದೊಂದನ್ನ ಮಾತ್ರ ಚಾಚೂ ತಪ್ಪದೆ ಪಾಲಿಸಿದ್ದರು.

ಅಷ್ಟರಲ್ಲಿ ಕೆಳಗಿನ ಬೀದಿ ಅಜ್ಜಿ ತೀರಿಕೊಂಡರು. ಹಳೇ ಫೋನಿಗೆ ಆ ಕಾನೂನು ಇಲ್ಲ, ದೊಡ್ಡಪ್ಪನದು ಕೂಗಿತು, ‘ಸರಿ’ಯೂ ಬಂತು. ಫ್ಯಾಕ್ಟರಿಗೆ ಹೋದೋರ ಒಂದು ಫೋನೂ ಕೂಗಲಿಲ್ಲ. ಸಂಜೆ ದೊಡ್ಡಪ್ಪ ಫೋನ್ ಮಾಡಿದರು.

“ಹೊಸ ಫೋನಿನೋರು ಒಬ್ರೂ ಬರ್ಲಿಲ್ಲ ಅಮ್ಮಣ್ಣಿ. ಹೆಣ ಹೊರೋಕೆ ನಾಕು ಹೆಗಲು ಬೇಕು. ನಂದು ಎರಡೇ ಇರೋದು.”

೩. ಸರಿ

ಆಮೇಲೆ ನಾನೇ ಜಗಲಿ ಜಗಲಿ ತಿರುಗಿ ಎಲ್ಲರ ಫೋನಲ್ಲೂ ಒಪ್ಪಿಗೆ ಕೊಡಿಸಿ ಬಂದೆ.

ಒಂದು ಬೆಳಗ್ಗೆ ಕಾಫಿ ಕುಡಿದು ಗೋಡೆಗೆ ಒರಗಿದ ದೊಡ್ಡಪ್ಪ ಮತ್ತೆ ಏಳಲಿಲ್ಲ. ನಾನು ಓಡಿ ಹೋದೆ, ಅತ್ತುಬಿಟ್ಟೆ. ದೊಡ್ಡಪ್ಪನ ಮಗ ಹತ್ತಿರ ಬಂದು, “ಆಪಿಗೆ ಹಾಕಮ್ಮಾ, ಹುಡುಗ್ರೆಲ್ಲ ಶಿಫ್ಟಿಗೆ ಹೋಗ್ಬುಟ್ಟವ್ರೆ,” ಅಂದ. ದೊಡ್ಡಪ್ಪನ ಹೆಸರು ಬರೆದು ಕಳಿಸಿದೆ.

ಮೊಳೆಗೆ ನೇತುಹಾಕಿದ್ದ ಅವರ ಅಂಗಿ ಜೇಬಿನಲ್ಲಿ ಫೋನ್ ಕೂಗಿತು. ಅಂಗಳದಲ್ಲಿ ಸೇರಿದ್ದೋರ ಫೋನು ಒಂದೂ ಕೂಗಲಿಲ್ಲ. ಆಗ ಹೊಳೀತು ನನಗೆ: ದೊಡ್ಡಪ್ಪ ‘ಸರಿ’ ಅನ್ನೋವರೆಗೂ ದೊಡ್ಡಪ್ಪ ಸತ್ತಿದ್ದು ಊರಿಗೆ ಗೊತ್ತಾಗಲ್ಲ. ಎಲ್ಲರೂ ಅಂಗಿ ಕಡೆ ನೋಡುತ್ತಾ ಕೂತರು.

ದೊಡ್ಡಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಎದ್ದರು. ಜೇಬಿಂದ ಫೋನ್ ತೆಗೆದು, ಯಾರನ್ನೂ ಕೇಳದೆ ‘ಸರಿ’ ಒತ್ತಿದರು. ಅಂಗಳದ ಫೋನುಗಳೆಲ್ಲ ಒಟ್ಟಿಗೆ ಕೂಗಿದವು.

“ಇದು ನಿಮಗೆ ಹೆಂಗೆ ಗೊತ್ತು ದೊಡ್ಡಮ್ಮ?”

“ಅವ್ರಿಗೆಲ್ಲಿ ಕಣ್ಣು ಕಾಣ್ತಿತ್ತು ಅಮ್ಮಣ್ಣಿ. ಮೊದ್ಲಿಂದ್ಲೂ ಒತ್ತಿದ್ದು ನಾನೇ. ನಾನು ಓದಿ ಹೇಳಿದ್ಮೇಲೇ ಅವ್ರಿಗೆ ತಿಳೀತಿದ್ದದ್ದು.” ಫೋನನ್ನ ಮತ್ತೆ ಜೇಬಿಗೆ ಇಟ್ಟರು. “ಇವತ್ತೊಂದ್ಸಲ ಅವ್ರಿಗೇ ಮೊದ್ಲು ಗೊತ್ತಾಯ್ತು.”