ಮೊದಲ ಪುಟದ ಪಾಯಸ

"ನನ್ನ ಫೋಟೋ ನೋಡ್ಬೇಕಾದ್ರೆ ಬೆರಳು ಸವೆಯೋವರೆಗೂ ಪುಟ ಸರಿಸ್ಬೇಕು. ಕಾರ್ಯದರ್ಶಿ ನಾನು. ಇದು ಬೇಕಂತಲೇ ಮಾಡಿರೋದು," ಎಂದು ವತ್ಸಲಾ ತಮ್ಮ ಫೋನನ್ನು ರಘುರಾಮನ ಮೂಗಿಗೆ ತಾಗುವ ಹಾಗೆ ಹಿಡಿದರು.

"ಬೇಕಂತ ಮಾಡಿದ್ದಲ್ಲ ಮೇಡಂ. ಕಮಿಟಿಯ ಇಪ್ಪತ್ಮೂರು ಜನರನ್ನು ಒಟ್ಟಿಗೆ ಮೇಲೆ ಕೂರಿಸ್ಲಿಕ್ಕೆ ಇದೇನು ಬಸ್ಸಿನ ಟಾಪಾ?"

"ಓಹೋ, ನಾವು ಬಸ್ಸಿನ ಟಾಪ್ ಮೇಲೆ ಹೋಗೋರಾ?"

ಎಜ್‌ವೇರಿನಲ್ಲಿ ಲಂಡನ್ ಕನ್ನಡ ಸಂಘದ ಅಧ್ಯಕ್ಷ ನಾರಾಯಣಸ್ವಾಮಿಯವರ ಮನೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಸಂಘದ ಹೊಸ ವೆಬ್‌ಸೈಟು ಸಂಜೆ ಐದರೊಳಗೆ ಎಲ್ಲರಿಗೂ ತೆರೆಯಬೇಕಿತ್ತು; ನೋಡಿ ಹೇಳಲೆಂದು ಅದರ ಲಿಂಕ್ ಕಮಿಟಿಯವರಿಗೂ ಮನೆಯವರಿಗೂ ಆಗಲೇ ಹೋಗಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ರಘುರಾಮನಿಗೆ ಆಗಲೇ ಬೆವರು ಇಳಿಯುತ್ತಿತ್ತು.

ಇವನು ಕುಂದಾಪುರದವನು, ಟೂಟಿಂಗಿನ ಒಂದು ಹೋಟೆಲಿನಲ್ಲಿ ಅಡುಗೆಯವನು. ಅಡುಗೆ ಬರುತ್ತದೆ ಎಂದು ಗೊತ್ತಾದವನನ್ನು ಸಂಘದವರು ಹಟ್ಟಿಯ ಎಮ್ಮೆಯ ಹಾಗೆ ಒಲೆಗೆ ಕಟ್ಟಿಹಾಕುತ್ತಾರೆ. ಆರು ದೀಪಾವಳಿ ಹಾಗೇ ಕಳೆದಿದ್ದವು. ಮಗಳು ತೃಪ್ತಿ ಪ್ರತಿ ವರ್ಷ ಸಭಾಂಗಣದ ವೇದಿಕೆಯಲ್ಲಿ ಕುಣಿಯುತ್ತಾಳೆ, ಅಪ್ಪ ಗೋಡೆಯಾಚೆ ಅಡುಗೆಮನೆಯಲ್ಲಿ ನಿಂತು ಅವಳ ಗೆಜ್ಜೆಯ ಸದ್ದು ಕೇಳುತ್ತಾನೆ. "ಅಪ್ಪಾ, ಯು ಹ್ಯಾವ್ ನೆವರ್ ಸೀನ್ ಮಿ ಡಾನ್ಸ್," ಎಂದು ಅವಳು ಹೋದ ವರ್ಷ ಹೇಳಿದ್ದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಉಳಿದಿತ್ತು.

ಅದಕ್ಕೇ ಅವನು ಕೌನ್ಸಿಲ್ ಲೈಬ್ರರಿಯಲ್ಲಿ ವೆಬ್‌ಸೈಟು ಕಟ್ಟುವ ಸಂಜೆ ಕ್ಲಾಸಿಗೆ ಸೇರಿದ್ದು. ನಾರಾಯಣಸ್ವಾಮಿಯವರು ಮಾತು ಕೊಟ್ಟಿದ್ದರು: "ಶನಿವಾರ ಐದು ಗಂಟೆ ಒಳಗೆ, ಯಾರೂ ಮುನಿಸ್ಕೊಳ್ಳದ ಹಾಗೆ ಸೈಟ್ ಓಪನ್ ಮಾಡ್ಸಿ. ಈ ದೀಪಾವಳಿಗೆ ನೀವು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ಅಡುಗೆಗೆ ಹ್ಯಾರೋದ ಕ್ಯಾಜಿಟನ್ ಬರ್ತಾರೆ." ಕ್ಯಾಜಿಟನ್ ಕೇಟರಿಂಗಿನವರು, ಉಡುಪಿ ಕಡೆಯವರು. ಕೈರುಚಿ ಎಷ್ಟಿದೆಯೋ ಮೂಗಿನ ತುದಿಯ ಸಿಟ್ಟೂ ಅಷ್ಟೇ ಇದೆ.

ರಘುರಾಮ ವತ್ಸಲಾರ ಫೋಟೋ ಮೇಲೆ ತಂದ. ಹತ್ತು ನಿಮಿಷದಲ್ಲಿ ನಾಟಕ ವಿಭಾಗದ ಅಮರ ಫೋನು ಮಾಡಿದ. "ನನ್ನನ್ನ ಕೆಳಗೆ ತಳ್ಳಿದ್ದು ಯಾರು?" ಜಗಳವೇ ಬೇಡ ಎಂದು ಅಕಾರಾದಿಯಲ್ಲಿ ಹಾಕಿದರೆ ಅಮರನೇ ಎಲ್ಲರಿಗಿಂತ ಮೇಲೆ ಹೋಗಿ ಕೂತ. ಉಳಿದ ಇಪ್ಪತ್ತೆರಡು ಜನ ಉರಿದುಬಿದ್ದರು. ಕೊನೆಗೆ ಎಲ್ಲರ ಮುಖವೂ ಮೂರು ಮೂರು ಸೆಕೆಂಡು ಬಂದು ಹೋಗುವ ಹಾಗೆ ಮಾಡಿದ. ವತ್ಸಲಾ ಗಡಿಯಾರ ಹಿಡಿದು ಕೂತರು.

"ಅಮರಂದು ಮೂರು. ನಂದು ಎರಡೂವರೆ."

ಅಷ್ಟರಲ್ಲಿ ನಾರಾಯಣಸ್ವಾಮಿಯವರು ಬಂದು, "ಮೇಲೆ ಒಂದು ಗಣಪತಿ, ಕೆಳಗೆ 'ಸುಖಾಗಮನ ಬಯಸುವವರು' ಅಂತ ಎಲ್ಲರ ಹೆಸರು, ಮಧ್ಯೆ ಓಡೋ ಅಕ್ಷರ. ಮದುವೆ ಕಾಗದದ ಥರ ಲಕ್ಷಣವಾಗಿರ್ಬೇಕು," ಎಂದರು. ಅದನ್ನೂ ಹಾಕಿದ. ಈಗ ಪುಟ ತೆರೆಯುವಷ್ಟರಲ್ಲಿ ಅರ್ಧ ಸೇರು ಅಕ್ಕಿ ಬೇಯುತ್ತಿತ್ತು.

ಮಧ್ಯಾಹ್ನ ಕೊಲಿಂಡೇಲಿನ ಫ್ಲ್ಯಾಟಿನಿಂದ ಹೆಂಡತಿ ಸುಗುಣಾಳ ಫೋನು. "ಹ್ವಾಯ್, ಊಟಕ್ಕೆ ಹೆಸ್ರು ಬರ್ಸುದು ಎಲ್ಲಿ? ನಾನು ಆಗಿಂದ ಹುಡುಕ್ತಾ ಇದ್ದೆ. ಕಾಂಬುದೆಲ್ಲ ಬರೀ ಮೋರೆಯೇ."

ಆಗ ರಘುರಾಮನಿಗೆ ಕ್ಲಾಸಿನ ಮಿಶೆಲ್ ಟೀಚರು ಹೇಳಿದ್ದು ನೆನಪಾಯಿತು. ಕಟ್ಟುವವರ ಆಸೆ ಬಿಡಿ, ಬರುವವರನ್ನು ಕೇಳಿ. ಅವರಿಗೆ ಬೇಕಾದ ಒಂದನ್ನು ಮೊದಲು ಇಡಿ. ಚಿತ್ರ ಹಾಕಿದರೆ ಅದರ ಕೆಳಗೆ, ಕಣ್ಣು ಕಾಣದವರಿಗೆ ಫೋನೇ ಓದಿ ಹೇಳುವ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಒಂದು ಸಾಲು ಬರೆಯಿರಿ.

ಹತ್ತು ಸದಸ್ಯರಿಗೆ ಫೋನು ಮಾಡಿ, ದೀಪಾವಳಿಗೆ ಯಾಕೆ ಬರುತ್ತೀರಿ ಎಂದು ಕೇಳಿದ. ಹತ್ತೂ ಜನ "ಊಟಕ್ಕೆ" ಎಂದರು. ಟೂಟಿಂಗಿನ ನೀಲವ್ವ, "ಮತ್ತೇನು, ನಿಮ್ಮ ಅಧ್ಯಕ್ಷರ ಭಾಷಣಕ್ಕ ಬರ್ತೀವೇನು?" ಎಂದು ನಕ್ಕಳು.

ರಘುರಾಮ ಹಲ್ಲು ಕಚ್ಚಿ ಅಷ್ಟೂ ಮುಖಗಳನ್ನು ಅಳಿಸಿದ. ಗಣಪತಿಗೆ ಕೈಮುಗಿದು ಅವನನ್ನೂ ಇಳಿಸಿದ. ಹೋದ ವರ್ಷದ ಪಂಕ್ತಿಯ ಒಂದೇ ಚಿತ್ರ ಹಾಕಿದ: ಸೌಟಿನಿಂದ ಎಲೆಗೆ ಇಳಿಯುತ್ತಿರುವ ಕಡಲೆಬೇಳೆ ಪಾಯಸ, ಮೇಲೆ ತುಪ್ಪದಲ್ಲಿ ಹುರಿದ ಗೋಡಂಬಿ. ಟೀಚರು ಹೇಳಿದಂತೆ ಕೆಳಗೊಂದು ಸಾಲು ಬರೆದ. ಅದರ ಕೆಳಗೆ ಒಂದೇ ಗುಂಡಿ: "ಊಟಕ್ಕೆ ಹೆಸರು ಬರೆಸಿ." ಸಂಘದ ವಾಟ್ಸಾಪ್ ಗುಂಪಿಗೆ ಕಳಿಸಿದಾಗ ಮೂರು ಗಂಟೆ.

ಮೊದಲು ಬಂದವರು ವತ್ಸಲಾ. "ನನ್ನ ಫೋಟೋನೇ ತೆಗ್ದಿದೀರಾ?"

"ಯಾರದ್ದೂ ಇಲ್ಲ ಮೇಡಂ."

"ಅಮರಂದು?"

"ಅವ್ರದ್ದೂ ಇಲ್ಲ."

ವತ್ಸಲಾ ಒಮ್ಮೆ ಮೇಲಿನಿಂದ ಕೆಳಗೆ ಪುಟ ಸರಿಸಿ ನೋಡಿದರು. ಮುಖ ಅರಳಿತು. "ಹಾಗಾದ್ರೆ ಸರಿ. ತುಂಬ ಚೆನ್ನಾಗಿದೆ." ಉಳಿದವರೂ ಹೀಗೇ. ತನ್ನದು ಇಲ್ಲದ ದುಃಖಕ್ಕಿಂತ ಇನ್ನೊಬ್ಬನದು ಇಲ್ಲದ ಸುಖ ದೊಡ್ಡದು ಎಂದು ಟೀಚರು ಹೇಳಿಕೊಟ್ಟಿರಲಿಲ್ಲ.

ಐದು ಗಂಟೆಗೆ ನಾರಾಯಣಸ್ವಾಮಿಯವರು ಲ್ಯಾಪ್‌ಟಾಪ್ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ಎರಡು ಗಂಟೇಲಿ ನಾನೂರ ಹನ್ನೆರಡು ಜನ. ಹೋದ್ಸಲ ಒಟ್ಟು ನೂರೈವತ್ತು ಕೂಡ ಇರ್ಲಿಲ್ಲ. ರಘುರಾಮ್, ಮುಂದಿನ ಸಾಲಲ್ಲಿ ನಿಮ್ಮದೇ ಕುರ್ಚಿ." ರಘುರಾಮ ಎಷ್ಟೋ ವರ್ಷದ ಮೇಲೆ ಬೆನ್ನು ಆನಿಸಿ ಕೂತ.

ಅದೇ ಹೊತ್ತಿಗೆ ಕ್ಯಾಜಿಟನ್ ಬಂದರು. ವತ್ಸಲಾ ಚಹಾ ತಂದಿಟ್ಟರು. "ನಾನೂರು ಜನವಾ? ಎಂತ ಹಾಕಿದ್ರಿ ಮಾರಾಯ್ರೆ ಅಷ್ಟು ಜನ ಬರ್ಲಿಕ್ಕೆ?" ಎನ್ನುತ್ತ ಅವರು ಕನ್ನಡಕ ಏರಿಸಿ ಪರದೆಗೆ ಬಗ್ಗಿದರು. ಚಿತ್ರದ ಕೆಳಗಿನ ಸಾಲನ್ನು ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಓದಿದರು.

"ರಘುರಾಮ... ಸ್ವಂತ ಕೈಯಿಂದ ಮಾಡಿ... ಬಡಿಸುತ್ತಿರುವ... ಕಡಲೆಬೇಳೆ ಪಾಯಸ."

ವತ್ಸಲಾ ಚಹಾದ ಲೋಟವನ್ನು ಕ್ಯಾಜಿಟನ್ನರ ಕಡೆಗೆ ಇನ್ನಷ್ಟು ಸರಿಸಿದರು.

"ಅದು ಹೋದ ವರ್ಷದ್ದು, ಕ್ಯಾಜಿಟನಣ್ಣ," ಎಂದ ರಘುರಾಮ. "ಇದ್ದದ್ದನ್ನು ಇದ್ದ ಹಾಗೆ ಬರೀಬೇಕು ಅಂತ ಕ್ಲಾಸಲ್ಲಿ..."

"ಹೌದಾ. ನಾನೂರು ಜನಕ್ಕೆ ನಾನು ಬೇಯಿಸುದು, ಹೆಸ್ರು ನಿಮ್ದು. ಲಾಯ್ಕಿದೆ." ಕ್ಯಾಜಿಟನ್ ಕನ್ನಡಕ ಮಡಚಿ ಜೇಬಿಗೆ ಹಾಕಿದರು. "ಕಾರು ಸರಿ ನಿಲ್ಸಿದ್ದೇನಾ ಇಲ್ವಾ ನೋಡಿ ಬರ್ತೇನೆ."

ಬಾಗಿಲು ಮೆಲ್ಲಗೆ ಮುಚ್ಚಿತು.

"ಆ ಸಾಲು ಅಳ್ಸಿಬಿಡಿ," ಎಂದರು ವತ್ಸಲಾ.

"ನಾನೂರ ಹನ್ನೆರಡು ಜನ ಓದಿ ಆಗಿದೆಯಲ್ರೀ. ಅವರು ಬರೋದೇ ಇವರ ಪಾಯಸಕ್ಕೆ," ಎಂದರು ನಾರಾಯಣಸ್ವಾಮಿ. ರಘುರಾಮನ ಫೋನು ಮಿನುಗಿತು. ತೃಪ್ತಿಯ ಸಂದೇಶ: "ಅಪ್ಪಾ, ಸೈಟ್ ಈಸ್ ಸೂಪರ್. ಸೀ ಯು ಇನ್ ದ ಫ್ರಂಟ್ ರೋ."

ನಾರಾಯಣಸ್ವಾಮಿಯವರು ಗಂಟಲು ಸರಿಪಡಿಸಿಕೊಂಡರು. "ಈ ಸಲದ ಸಭಾಂಗಣದಲ್ಲಿ ಅಡುಗೆಮನೆ ಗೋಡೆ ಇನ್ನೂ ತೆಳ್ಳಗಿದೆ ರಘುರಾಮ್. ಗೆಜ್ಜೆ ಚೆನ್ನಾಗಿ ಕೇಳ್ಸುತ್ತೆ."

ಹೊರಗೆ ಕಾರೊಂದು ಹೊರಟ ಸದ್ದಾಯಿತು. ಆದರೂ ಮೂವರೂ ಬಾಗಿಲನ್ನೇ ನೋಡುತ್ತ ಅರ್ಧ ಗಂಟೆ ಕೂತರು. ಮೇಜಿನ ಮೇಲೆ ಕ್ಯಾಜಿಟನ್ನರ ಚಹಾ ತಣ್ಣಗಾಗಿ ಕೆನೆಗಟ್ಟಿತು.