ಹದಿನೇಳನೇ ಪುಟದಿಂದ ಶುರುವಾದ ಶಾಲೆ

ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಲು ಹೊರಟವರ ಮನೆಯಲ್ಲಿ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ಆಗುವ ಹೊತ್ತಿಗೆ ಮಾತ್ರ ಅದು ನಗುವ ವಿಷಯ ಅಂತ ಗೊತ್ತಾಗುವುದಿಲ್ಲ. ತಲೆ ಕೆಟ್ಟು, ಕೈಯಲ್ಲಿ ಸೌಟು ಹಿಡಿದು, ಯಾರಿಗೆ ಏನು ಹೇಳುತ್ತಿದ್ದೆ ಅಂತ ನಾವೇ ಹುಡುಕುತ್ತಿರುತ್ತೇವೆ.

ನಾನು ಹುಟ್ಟಿದ್ದು ಗದಗದ ಕಡೆ. ಕಣ್ಣು ಹಾಯಿಸಿದಷ್ಟೂ ಎರೆಭೂಮಿ, ಬೆರಳಲ್ಲಿ ಎಣಿಸುವಷ್ಟು ಮರ. ಮದುವೆಯಾಗಿ ಬಂದದ್ದು ಎಚ್.ಡಿ. ಕೋಟೆಯ ಕಾಡಂಚಿಗೆ, ಮರದ ಡಿಪೋ ಗುಮಾಸ್ತರ ಮನೆಗೆ. ಮೂರು ಮಕ್ಕಳು: ಹತ್ತು ವರ್ಷದ ಮಗಳು, ಎಂಟರ ಮಗ, ಐದರ ಚಿಕ್ಕವಳು. ಶಾಲೆ ಹೊಳೆಯಾಚೆ. ಮಳೆಗಾಲದಲ್ಲಿ ಹೊಳೆ ದಾಟುವಂತಿಲ್ಲ, ಬೇಸಿಗೆಯಲ್ಲಿ ಆನೆಗಳು ದಾಟುವಾಗ ನಾವು ದಾಟುವಂತಿಲ್ಲ.

ಯಜಮಾನರಿಗೆ ಬರುವ ಜೂನಿಗೆ ಹುಣಸೂರಿಗೆ ವರ್ಗ ಅಂತ ಗೊತ್ತಾದಾಗ ಕೆ.ಆರ್. ನಗರದಿಂದ ಅವರ ಅಕ್ಕ ಬಂದರು.

"ಅಲ್ಲಿಗಂಟ ಇವು ಇಲ್ಲೇ ಇದ್ರೆ ಕಾಡ್ಪಾಪ ಆಯ್ತವೆ ಕಣಮ್ಮಿ. ಮೂರ್ನೂ ನಂಗೆ ಕೊಡು. ನಮ್ಮನೇಲಿ ಓದ್ಲಿ."

"ಬ್ಯಾಡ್ರಿ ಅತ್ತಿಗೆ, ನಾನ ಕಲಸ್ತೀನಿ. ಮುಲ್ಕಿ ಪಾಸಾಗೀನಿ" ಅಂದೆ. ಮುಲ್ಕಿ ಅಂದರೆ ನಮ್ಮ ಕಡೆಯ ಏಳನೇ ಇಯತ್ತೆಯ ಪರೀಕ್ಷೆ. ಅತ್ತಿಗೆಗೆ ಅದು ಯಾವುದೋ ಕಾಯಿಲೆಯ ಹೆಸರಿನಂತೆ ಕೇಳಿಸಿರಬೇಕು.

"ಸರಿ ಬುಡು. ಜೂನಲ್ಲಿ ಹುಣಸೂರಿನ ಹೆಡ್‌ಮೇಷ್ಟ್ರು ಪರೀಕ್ಷೆ ಮಾಡ್ಲಿ. ದೊಡ್ಡೋಳು ಐದಕ್ಕೆ, ಹುಡುಗ ಮೂರಕ್ಕೆ, ಚಿಕ್ಕೋಳು ಒಂದಕ್ಕೆ ಸೇರ್ಬೇಕು. ಒಂದು ಕೆಳಗಿನ ಕ್ಲಾಸಿಗೆ ಬಿದ್ರೂ ಮೂರೂ ನನ್ ಜೊತೆ ಬತ್ತವೆ."

"ಆಗ್ಲಿ ಅಕ್ಕ" ಅಂದರು ಯಜಮಾನರು. ದಿನವಿಡೀ ಮರ ಅಳೆಯುವ ಮನುಷ್ಯ, ಅಕ್ಕನ ಮಾತನ್ನು ಮಾತ್ರ ಯಾವತ್ತೂ ಅಳೆದವರಲ್ಲ.

ಪುಸ್ತಕ ಬಂತು

ಹುಣಸೂರಿನಿಂದ ಸೈಕಲ್ ಮೇಲೆ ಬಟ್ಟೆ ತರುತ್ತಿದ್ದ ಸಾಹೇಬರಿಗೆ, ನಾಲ್ಕನೇ ಕ್ಲಾಸಿನ ಕನ್ನಡ ಪುಸ್ತಕ ಹಳೆಯದಾದರೂ ಸರಿ ತನ್ನಿ ಅಂತ ಹೇಳಿದ್ದೆ. ತಂದರು. ತೆರೆದರೆ ಹದಿನೇಳನೇ ಪುಟ.

"ಸಾಹೇಬ್ರೇ, ಮೊದಲಿನ ಹದಿನಾರು ಪುಟ?"

"ಏನ್ ಹೇಳ್ಲಿ ತಾಯಿ, ಕಡ್ಲೆಪುರಿ ಅಂಗಡಿಯವನ ಕೈಯಿಂದ ಕಿತ್ಕೊಂಡು ಬಂದಿದ್ದು. ನಾನು ಹೋಗೋ ಹೊತ್ಗೆ ಅಷ್ಟು ಪುಟ ಪೊಟ್ಟಣ ಆಗ್ಬಿಟ್ಟಿತ್ತು."

ಹದಿನೇಳನೇ ಪುಟದ ಮೊದಲ ಸಾಲು: 'ಎಂದು ಹೇಳಿ ಹೊರಟುಹೋದನು.' ಅಲ್ಲಿಗೆ ಆ ಪಾಠ ಮುಗಿದು ಕೆಳಗೆ ಬೇರೆ ಪಾಠ ಶುರು. ಯಾರು ಹೋದದ್ದು? ಏನು ಹೇಳಿ? ಒಂದು ವಾರ ಮನೆಯಲ್ಲಿ ಇದೇ ಚರ್ಚೆ. ರಾಜ ಅಂದಳು ದೊಡ್ಡವಳು. ರೇಂಜರು ಅಂದ ಮಗ. ಚಿಕ್ಕವಳಿಗೆ ಮಾತ್ರ ಸಂಶಯವೇ ಇರಲಿಲ್ಲ.

"ಅಪ್ಪ. ಅತ್ತೆ ಬಂದಾಗ 'ಡಿಪೋದಲ್ಲಿ ಕೆಲಸ ಇದೆ' ಎಂದು ಹೇಳಿ ಹೊರಟುಹೋದನು."

ಉಕ್ತಲೇಖನ

ನನ್ನ ಶಾಲೆ ಅಡುಗೆಮನೆಯಲ್ಲಿ. ಅನ್ನ ಬೇಯುವಷ್ಟು ಹೊತ್ತು ಮಗನಿಗೆ ಮಗ್ಗಿ, ಸಾರು ಕುದಿಯುವಷ್ಟು ಹೊತ್ತು ಚಿಕ್ಕವಳಿಗೆ ಅಕ್ಷರ, ಹಾಲು ಕಾಯುವಾಗ ದೊಡ್ಡವಳಿಗೆ ಉಕ್ತಲೇಖನ. ನಾನು ಹೇಳಬೇಕು, ಅವಳು ಬರೆಯಬೇಕು. ಹೇಳಿದ್ದರಲ್ಲಿ ಒಂದು ಪದ ಬಿಡಬಾರದು ಅಂತ ನಾನೇ ಗದರಿಸಿದ್ದೆ.

ಒಂದು ದಿನ ಹಿಟ್ಟು ನಾದುತ್ತಾ ಒಂದಿಡೀ ಪುಟ ಹೇಳಿದೆ. ಮುಗಿದ ಮೇಲೆ ನೋಡಿದರೆ ಒಲೆಯ ಮೇಲೆ ಪಾತ್ರೆಯಿದೆ, ಹಾಲಿಲ್ಲ. ಎಲ್ಲಾ ಬೂದಿಯಲ್ಲಿ.

"ಅಲ್ಲೇ ಕುಂತು ನೋಡ್ಲಿಲ್ಲೇನ? ಬಾಯಿಬಿಟ್ಟು ಹೇಳಿದ್ನಲ್ಲ!"

ಅವಳು ಗಾಬರಿಯಿಂದ ಪುಸ್ತಕ ಮುಂದೆ ಹಿಡಿದಳು. ದುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ಮಹಾರಾಜರು ಆನೆಯನ್ನೇರಿ ಹಾಲು ಉಕ್ಕುತ್ತಿದೆ ಬೇಗ ಇಳಿಸು ನಗರವನ್ನು ಪ್ರವೇಶಿಸಿದರು.'

ನಾನು ಹೇಳಿದ್ದು 'ಹಾಲು ಉಕ್ತೈತಿ, ಲಗೂನ ಇಳಸ' ಅಂತ. ನನ್ನ ಗದಗಿನ ಮಾತನ್ನು ಗ್ರಂಥದ ಕನ್ನಡಕ್ಕೆ ತಿದ್ದಿಕೊಂಡಿದ್ದಳು. ಬಯ್ಯಬೇಕೋ ಮೆಚ್ಚಬೇಕೋ ತಿಳಿಯದೆ ಬೂದಿ ಬಳಿದೆ.

ಪಾಸಾದ ಕುಂಬಳಕಾಯಿ

ಡಿಪೋಗೆ ಬಂದ ದಿಮ್ಮಿಯನ್ನು ಅಳೆದು, ನಂಬರು ಬರೆದು, ಕೊನೆಗೆ ಸರ್ಕಾರದ ಗುರುತಿರುವ ಸುತ್ತಿಗೆಯಿಂದ ಒಂದು ಏಟು ಕೊಡುತ್ತಾರೆ. ಗುರುತು ಬಿದ್ದರೆ ದಿಮ್ಮಿ ಪಾಸು. ಇದನ್ನೇ ನೋಡಿ ಬೆಳೆದ ಮಗನ ಲೆಕ್ಕ ಹೀಗೆ: ಮಗ್ಗಿ ಬಂತೆಂದರೆ ತನ್ನದೂ ಪಾಸು, ಎಲ್ಲಿ ಏಟು?

ಒಂದು ಮಧ್ಯಾಹ್ನ ಯಜಮಾನರು ಸುತ್ತಿಗೆಯ ಅಕ್ಷರಗಳಲ್ಲಿ ಸೇರಿದ್ದ ಅಂಟು ತೆಗೆಯಲು ಅದನ್ನು ಮನೆಗೆ ತಂದು, ಸ್ನಾನಕ್ಕೆ ಹೋದರು. ಹೊರಗೆ ಬರುವಷ್ಟರಲ್ಲಿ ಜಗಲಿಯಲ್ಲಿದ್ದ ಒಂಬತ್ತೂ ಕುಂಬಳಕಾಯಿಗೆ ಸರ್ಕಾರದ ಗುರುತು ಬಿದ್ದಿತ್ತು.

"ಎರಡರ ಮಗ್ಗಿಯಿಂದ ಹತ್ತರ ಮಗ್ಗಿವರೆಗೆ ಅಪ್ಪ, ಒಂದೊಂದಕ್ಕೆ ಒಂದೊಂದು" ಅಂದ.

ಅದೇ ಸಂಜೆ ಜೀಪಿನಲ್ಲಿ ರೇಂಜರು ಬರಬೇಕೆ? ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಕುಂಬಳಕಾಯಿಗಳನ್ನು ಬಹಳ ಹೊತ್ತು ನೋಡಿದರು. ಕೊನೆಗೆ ರೇಂಜರು ಎದ್ದು, ಎಲ್ಲಕ್ಕಿಂತ ದೊಡ್ಡದನ್ನು ಎತ್ತಿಕೊಂಡರು.

"ಗುರುತು ಬಿದ್ದ ಮಾಲು ಸರ್ಕಾರದ್ದು ಕಣ್ರೀ. ಒಂದನ್ನಾದ್ರೂ ಜಪ್ತಿ ಮಾಡ್ದೆ ಹೋದ್ರೆ ತಪ್ಪಾಗುತ್ತೆ."

ಮಿಕ್ಕ ಎಂಟನ್ನು ನಾವು ಹತ್ತು ದಿನ ಎರಡು ಹೊತ್ತೂ ತಿಂದು ಸಾಕ್ಷಿ ಇಲ್ಲದಂತೆ ಮಾಡಿದೆವು.

ಆನೆ ಪಾಠ

ಕಾಡೊಳಗಿನ ತಮ್ಮ ಹಾಡಿಯಿಂದ ಜೇನು ತರುತ್ತಿದ್ದ ಜೇನುಕುರುಬರ ಅಜ್ಜಿ ಒಂದು ದಿನ ಬಾಗಿಲಲ್ಲಿ ಕೂತು ಪಾಠ ಕೇಳುತ್ತಿದ್ದರು. ಮಗ ಓದಿದ: 'ಆನೆಯು ಸಾಧು ಪ್ರಾಣಿ. ಅದು ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೋಗುತ್ತದೆ.'

"ಯಾರವ್ವ ಇದ ಬರ್ದೋರು?" ಅಂದರು ಅಜ್ಜಿ.

"ಯಾರೋ ಪಟ್ಟಣದವರು."

"ಅವ್ರ ಒಂದ್ಸಲ ನಮ್ ಹಾಡಿತವ ಕರ್ಕಬಾ. ಯಾವ ಬೆನ್ನು ಅಂತ ಅವ್ರೇ ನೋಡಿ ಬರ್ಕಳ್ಳಿ."

ಆಮೇಲೆ ಅಜ್ಜಿಯೇ ಪಾಠ ಮಾಡಿದರು: ಆನೆ ಕಂಡರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಬೇಕು, ಕೂಗಬಾರದು, ನೆಟ್ಟಗೆ ಓಡಬಾರದು. ಅಲ್ಲಿಂದ ಮಗ, ಅಜ್ಜಿ ಹೌದು ಅನ್ನುವವರೆಗೂ ಪುಸ್ತಕದ ಯಾವುದನ್ನೂ ಒಪ್ಪದಾದ. ಅಶೋಕ ಚಕ್ರವರ್ತಿಯ ಬಗ್ಗೆಯೂ ಅವರನ್ನೇ ಕೇಳಿದ.

"ನಂಗೊತ್ತಿಲ್ಲ ಕಣಪ್ಪ. ನಮ್ ಕಡೀಕೆ ಬಂದಿಲ್ಲ ಆವಯ್ಯ."

ಅಶೋಕನನ್ನು ನನ್ನ ಮಗ ಇವತ್ತಿಗೂ ಪೂರ್ತಿ ನಂಬಿಲ್ಲ.

ಪರೀಕ್ಷೆ

ಜೂನ್ ಬಂತು. ಹುಣಸೂರಿನ ಶಾಲೆಗೆ ನಾವು ಹೋಗುವಷ್ಟರಲ್ಲಿ ಅತ್ತಿಗೆ ಬಂದು ಕೂತಿದ್ದರು. ಕಾಲ ಬಳಿ ಒಂದು ಹಸಿರು ಟ್ರಂಕು. ಖಾಲಿ. ನನ್ನ ಮಕ್ಕಳ ಬಟ್ಟೆ ತುಂಬಿಕೊಂಡು ಹೋಗಲಿಕ್ಕೆ.

ಹೆಡ್‌ಮೇಷ್ಟ್ರು ದೊಡ್ಡವಳನ್ನು ಕರೆದರು. "ನಾಲ್ಕನೇ ಕ್ಲಾಸಿನ ಮೊದಲನೇ ಪಾಠ ಯಾವುದಮ್ಮ?"

"ನಮ್ಮ ಪುಸ್ತಕದಲ್ಲಿ ಮೊದಲನೇ ಪಾಠ ಇಲ್ಲ ಸಾರ್. ನಮ್ಮದು ಹದಿನೇಳನೇ ಪುಟದಿಂದ."

ಅತ್ತಿಗೆ ಕಾಲಿನಿಂದ ಟ್ರಂಕನ್ನು ಒಂದು ಗೇಣು ಮುಂದೆ ನೂಕಿದರು.

"ಏಳೆಂಟ್ಲಿ?" ಅಂತ ಹೆಡ್‌ಮೇಷ್ಟ್ರು ಕೇಳಿದರು. ದೊಡ್ಡವಳು ಹೆದರಿ ಬೆರಳು ಮಡಿಸತೊಡಗಿದಳು. ನನ್ನ ಸೆರಗಿನ ಹಿಂದಿನಿಂದ ಚಿಕ್ಕವಳು "ಐವತ್ತಾರು" ಅಂದಳು. ಅಡುಗೆಮನೆಯಲ್ಲಿ ಅಣ್ಣನ ಮಗ್ಗಿ ದಿನವೂ ಕೇಳಿದವಳು. ಒಂದನೇ ಕ್ಲಾಸಿಗೆ ಬಂದವಳು ಇವಳು ಅಂದಾಗ ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮಗನನ್ನು ಆನೆಯ ಬಗ್ಗೆ ಹೇಳು ಅಂದರು. ಅವನು ಕಿಟಕಿಯ ಹತ್ತಿರ ಹೋಗಿ, ಬೆರಳು ಎಂಜಲು ಮಾಡಿ, ಗಾಳಿಗೆ ಹಿಡಿದ. "ಇಲ್ಲಿ ಆನೆ ಬಂದ್ರೆ ಸಾರ್, ನೀವು ಆ ಬಾಗಿಲಲ್ಲಿ ಹೋಗ್ಬೇಕು. ಈ ಬಾಗಿಲಲ್ಲಿ ಹೋದ್ರೆ ಸತ್ತೋಯ್ತೀರ."

ಟ್ರಂಕು ಇನ್ನೂ ಒಂದು ಗೇಣು ಮುಂದೆ ಬಂತು.

"ಕೊನೇದಾಗಿ ಉಕ್ತಲೇಖನ" ಅಂದರು ಹೆಡ್‌ಮೇಷ್ಟ್ರು, ದೊಡ್ಡವಳ ಕಡೆ ನೋಡಿ. ಅವಳು ಸ್ಲೇಟು ಹಿಡಿದಳು. ಅವರು ಹೇಳುತ್ತಾ ಹೋದರು. ನಡುವೆ ಜವಾನ ಬಂದ, ಅವನಿಗೆ ಏನೋ ಬೈದರು, ಮತ್ತೆ ಮುಂದುವರಿಸಿದರು. ಅವಳ ಬಳಪ ಒಂದು ಕ್ಷಣವೂ ನಿಂತಿರಲಿಲ್ಲ.

ಹೆಡ್‌ಮೇಷ್ಟ್ರು ಸ್ಲೇಟು ತೆಗೆದುಕೊಂಡು ಗಟ್ಟಿಯಾಗಿ ಓದಿದರು: "'ವಿದ್ಯಾರ್ಥಿಗಳು ಸದಾ ಮೃದುವಾಗಿ ಎಲ್ಲಿ ಹಾಳಾಗಿ ಹೋಗಿದ್ದೆಯೋ ಕತ್ತೆ, ಕಾಫಿ ತಣ್ಣಗಾಗಿದೆ, ಮಾತನಾಡಬೇಕು.'"

ಜವಾನ ಗೋಡೆಯ ಕಡೆ ತಿರುಗಿ ನಿಂತ, ಹೆಗಲು ಕುಲುಕುತ್ತಿತ್ತು. ಹೆಡ್‌ಮೇಷ್ಟ್ರು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು.

"ಒಂದು ಒತ್ತಕ್ಷರವೂ ತಪ್ಪಿಲ್ಲ" ಅಂದರು ನಿಧಾನವಾಗಿ, ಸೆರಗಂಚಿನಲ್ಲಿ ಸ್ಲೇಟನ್ನು ಒರೆಸಲು ನನಗೆ ಸನ್ನೆ ಮಾಡುತ್ತಾ. "ಐದು, ಮೂರು, ಒಂದು. ಸೇರಿಸ್ಕೊಳ್ಳಿ. ಇದನ್ನ ಹೊರಗೆ ಮಾತ್ರ ಹೇಳ್ಬೇಡಿ."

ಅತ್ತಿಗೆ ಖಾಲಿ ಟ್ರಂಕು ಹೊತ್ತು ಬಸ್ಸು ಹತ್ತಿದರು. ಮಗ ಮಾತ್ರ ಹೊರಡಲು ಒಪ್ಪಲಿಲ್ಲ. ಹೆಡ್‌ಮೇಷ್ಟ್ರು ಶಾಲೆಯ ಮೊಹರನ್ನು ಅವನ ಅಂಗೈಗೆ ಒತ್ತಿದ ಮೇಲೆಯೇ ಕದಲಿದ.

ಟ್ರಂಕು ಮತ್ತೆ ಬಂತು

ಮುಂದಿನ ಬೇಸಿಗೆಯಲ್ಲಿ ಹುಣಸೂರಿನ ನಮ್ಮ ಮನೆಯ ಮುಂದೆ ಅದೇ ಹಸಿರು ಟ್ರಂಕು ಇಳಿಯಿತು. ಈ ಸಲ ತುಂಬಿತ್ತು. ಹಿಂದೆ ಅತ್ತಿಗೆ, ಅವರ ಹಿಂದೆ ನಾಲ್ಕನೇ ಕ್ಲಾಸಿನಲ್ಲಿ ಫೇಲಾದ ಅವರ ಮಗ.

"ಒಂದೊರ್ಸ ನಿನ್ ಅಡುಗೆಮನೇಲಿ ಕೂರಿಸ್ಕಮ್ಮಿ" ಅಂದರು, ನನ್ನ ಮುಖ ನೋಡದೆ.

ಹುಡುಗ ಟ್ರಂಕಿನಿಂದ ತನ್ನ ಪುಸ್ತಕ ತೆಗೆದ. ನಮ್ಮ ಮನೆಯದೇ ಪುಸ್ತಕ, ಆದರೆ ಹೊಚ್ಚ ಹೊಸದು, ರಟ್ಟಿನ ಸಮೇತ. ನನ್ನ ಮೂರೂ ಮಕ್ಕಳು ಅದರ ಮೇಲೆ ಬಿದ್ದರು. ಹದಿನಾರನೇ ಪುಟ! ಯಾರು ಹೋದದ್ದು? ಏನು ಹೇಳಿ ಹೋದದ್ದು? ದೊಡ್ಡವಳು ಕೊನೆಯ ಸಾಲು ಹುಡುಕಿ, ಎಲ್ಲರಿಗೂ ಕೇಳುವ ಹಾಗೆ ಓದಿದಳು:

'ಆಗ ಗುರುವು, ಇಂಥ ಮಕ್ಕಳಿಗೆ ಪಾಠ ಹೇಳುವುದು ನನ್ನಿಂದ ಸಾಧ್ಯವಿಲ್ಲ...'

ಮಿಕ್ಕದ್ದನ್ನು ಮೂವರೂ ಪಕ್ಕದ ಪುಟ ನೋಡದೆ ಒಂದೇ ಸ್ವರದಲ್ಲಿ ಮುಗಿಸಿದರು. ನಾನು ಸೌಟು ಹಿಡಿದು ನಿಂತೇ ಇದ್ದೆ. ಆ ಪುಟ ಮೊದಲೇ ಸಿಕ್ಕಿದ್ದರೆ ನಾನೂ ಹೊರಟುಹೋಗುತ್ತಿದ್ದೆನೋ ಏನೋ.