ನುಡಿಸಿ ತೋರಿಸಿ ಸಾರ್

ಗಿಟಾರ್ ಕೆಟ್ಟಿದೆ ಎಂದು ನಾನು, ಕೆಟ್ಟಿಲ್ಲ ಎಂದು ನನ್ನವಳು. ಈ ಮಹಾಯುದ್ಧ ಶುರುವಾದದ್ದು ಭಾನುವಾರ ಬರುತ್ತೇನೆಂದು ಅತ್ತೆಯವರು ಫೋನ್ ಮಾಡಿದ ಮೇಲೆ. ಬಂದಾಗ ಅಳಿಯನ ಗಿಟಾರ್ ಕೇಳಬೇಕು ಎಂದು ಬೇರೆ ಹೇಳಿದ್ದರು. (ಗಿಟಾರ್ ನನಗೆ ಕರತಲಾಮಲಕ ಎಂದು ಅವರಿಗೆ ಹೇಳಿದವನು ನಾನೇ. ಇನ್ಯಾರೂ ಹೇಳುವ ಸಂಭವ ಇರಲಿಲ್ಲ.) ಗಾಬರಿಯಿಂದ ಬೀರುವಿನ ಪಕ್ಕದ ವಾದ್ಯವನ್ನು ಎಳೆದು ಬಾರಿಸಿದರೆ, ಬಾಗಿಲ ಸಂದಿಗೆ ಬಾಲ ಸಿಕ್ಕಿದ ಬೆಕ್ಕಿನ ದನಿ ಹೊರಟಿತು.

"ಪಾರ್ಟುಗಳೆಲ್ಲ ಕಳಪೆ ಹಾಕಿದ್ದಾರೆ," ಎಂದೆ.

"ಅದಕ್ಕೇನೂ ಆಗಿಲ್ಲ ಕಣ್ರೀ."

"ಸಂಗೀತದ ವಿಷಯ ನಿನಗೇನು ಗೊತ್ತು?"

"ಹೌದಲ್ವಾ, ನನಗೇನು ಗೊತ್ತು," ಎಂದು ಅವಳು ಬಟ್ಟೆ ಮಡಿಸತೊಡಗಿದಳು. ಅವಳು ಇಷ್ಟು ಸಲೀಸಾಗಿ ಸೋಲೊಪ್ಪುವವಳಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಗಿಟಾರ್ ತಯಾರಿಸಿದವರ ಕಾರ್ಖಾನೆ ಟೈರ್ ಅಂಗಡಿಯ ಹಿಂದಿನ ಗಲ್ಲಿಯಲ್ಲಿದೆ. ಗ್ರಾಹಕನ ಹಕ್ಕುಬಾಧ್ಯತೆಗಳ ಬಗ್ಗೆ ಒಂದು ವೀರಾವೇಶದ ಭಾಷಣವನ್ನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡೆ. ರಿಪೇರಿಗೆ ತಿಂಗಳುಗಟ್ಟಲೆ ಇಟ್ಟುಕೊಂಡರೆ ಭಾನುವಾರದ ಗಂಡಾಂತರವೂ ಕಳೆಯುತ್ತದೆ ಎಂಬ ದೂರಾಲೋಚನೆ ನನ್ನದು. ನಾನು ಜಗಳ ಕಾಯುತ್ತೇನೆಂದು ನನ್ನವಳೂ ಜೊತೆಗೆ ಬಂದಳು.

ಒಳಗೆ ಅಂಟಿನ, ಮರದ ಹೊಟ್ಟಿನ ವಾಸನೆ. ತಂತಿಯಿಲ್ಲದ ಗಿಟಾರ್‌ಗಳು ಸಾಲಾಗಿ ನೇತಾಡುತ್ತಿದ್ದವು. ಗಿಟಾರ್ ಕೆಟ್ಟಿದೆ ಎಂದದ್ದೇ ತಡ, ಹುಬ್ಬಿನ ಮೇಲೂ ಮರದ ಪುಡಿ ಹೊತ್ತ ಯಜಮಾನರು ಎದ್ದು ಬಂದು ಕುರ್ಚಿ ಒರೆಸಿದರು. "ಕೂತ್ಕೊಳ್ಳಿ ಸಾರ್. ನಮ್ಮ ಕೆಲಸದಿಂದ ನಿಮಗೆ ಬೇಜಾರಾಗಿದೆ ಅಂದ್ರೆ ನಮ್ಮದೇ ತಪ್ಪು, ಕ್ಷಮಿಸ್ಬೇಕು."

ಮೊದಲೇ ಕ್ಷಮೆ ಕೇಳಿದವರ ಮೇಲೆ ಕೂಗಾಡುವುದು ಹೇಗೆ? ಭಾಷಣವನ್ನು ಮಡಿಸಿಟ್ಟು ಗಿಟಾರನ್ನು ಅವರ ಕೈಗೆ ಕೊಟ್ಟೆ.

ಅವರು ಗಿಟಾರ್‌ನ ಕತ್ತಿನ ಮೇಲಿನ ಲೋಹದ ಮೆಟ್ಟುಗಳನ್ನು ಬೆಳಕಿಗೆ ಹಿಡಿದರು. "ಎಷ್ಟು ಸವೆದಿವೆ ನೋಡಿ. ದಿನಾ ಗಂಟೆಗಟ್ಟಲೆ ನುಡಿಸ್ತೀರಲ್ಲ ಸಾರ್?"

"ಏನೋ, ಒಂದು ಸಾಧನೆ," ಎಂದೆ ವಿನಯದಿಂದ. ನನ್ನವಳಿಗೆ ಯಾಕೋ ಕೆಮ್ಮು ಬಂತು.

ಅವರು ತಾವೇ ನುಡಿಸಿ ನೋಡಿದರು. ಕಿವಿಗೆ ಜೇನು ಸುರಿದ ಹಾಗಿತ್ತು.

"ಚೆನ್ನಾಗೇ ಇದೆಯಲ್ಲ," ಎಂದಳು ನನ್ನವಳು.

"ನಮ್ಮ ಕೈಯಲ್ಲಿ ಚೆನ್ನಾಗಿದ್ರೆ ಲೆಕ್ಕಕ್ಕಿಲ್ಲಮ್ಮ. ಮಾಲೀಕರು ನುಡಿಸಿ, ಅವರಿಗೆ ಒಪ್ಪಿಗೆಯಾಗೋವರೆಗೂ ವಾದ್ಯ ಇಲ್ಲಿಂದ ಕಳಿಸಲ್ಲ. ನಮ್ಮ ಅಪ್ಪನ ಕಾಲದ ನಿಯಮ. ನುಡಿಸಿ ತೋರಿಸಿ ಸಾರ್."

ನುಡಿಸಿದೆ. ಬೆಕ್ಕು ಬಂತು.

ಮೂಲೆಯಲ್ಲಿದ್ದ ದಪ್ಪ ಕನ್ನಡಕದವರು ಕೆಲಸ ಬಿಟ್ಟು ಓಡಿಬಂದರು. "ತಂತಿ ಬಿಗಿಯೋ ತಿರುಪು ನಾನು ಕೂರಿಸಿದ್ದು. ತಪ್ಪು ನಂದೇ," ಎಂದು ಹೊಸ ಹಿತ್ತಾಳೆ ತಿರುಪುಗಳನ್ನು ತಂದು, ಒಂದೊಂದನ್ನೂ ಕಿವಿಗೆ ಹಿಡಿದು ತಿರುಗಿಸಿ, ಸದ್ದಿಲ್ಲದವನ್ನು ಮಾತ್ರ ಆರಿಸಿ ಜೋಡಿಸಿದರು. ನುಡಿಸಿದೆ. ಮತ್ತೆ ಬೆಕ್ಕು.

"ಹಾಗಾದ್ರೆ ತಂತಿ ಕೂರೋ ಮೂಳೆಪಟ್ಟಿ ಇರ್ಬೇಕು, ಅದು ನನ್ನ ಕೆಲಸ," ಎಂದು ಒಬ್ಬಾಕೆ ಹೊಸದನ್ನು ಉಜ್ಜಿ ಕೂರಿಸಿದರು. ಬೆಕ್ಕು ಕದಲಲಿಲ್ಲ. ಮೆಟ್ಟು ಕೂರಿಸಿದವರು ಬಂದು ತಮ್ಮದೇ ತಪ್ಪೆಂದು ಎಲ್ಲವನ್ನೂ ಕಿತ್ತು ಹೊಸದು ಹಾಕಿದರು. ನಮ್ಮ ಮಿಕ್ಸಿ ಕೆಟ್ಟಾಗ ಅಂಗಡಿಯವನು, ನಿಮಗೆ ರುಬ್ಬೋಕೇ ಬರಲ್ಲ ಎಂದು ನಮ್ಮನ್ನೇ ಬೈದು ಕಳಿಸಿದ್ದ. ಇಲ್ಲಿ ನನ್ನ ಬೆರಳಿನ ಕಡೆ ಒಬ್ಬರೂ ಕಣ್ಣೆತ್ತಿ ನೋಡಲಿಲ್ಲ. ಇಂಥ ಜನ ಇನ್ನೂ ಇದ್ದಾರಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು.

ಈ ಸಲ ನುಡಿಸಿದಾಗಲೂ ಬೆಕ್ಕೇ ಬಂದರೂ, ಪಾಪಪ್ರಜ್ಞೆ ತಡೆಯದೆ, "ಈಗ ಅದ್ಭುತವಾಗಿದೆ," ಎಂದು ಜೋರಾಗಿ ತಲೆದೂಗಿದೆ.

"ನೀವು ದೊಡ್ಡ ಮನಸ್ಸಿನವರು ಸಾರ್. ನಮ್ಮ ಸಮಾಧಾನಕ್ಕೆ ತಲೆದೂಗ್ಬೇಡಿ," ಎಂದ ಯಜಮಾನರ ಮುಖ ಸಣ್ಣಗಾಗಿತ್ತು. "ಇನ್ನು ಉಳಿದಿರೋದು ಮರ ಒಂದೇ. ಅದನ್ನ ಆರಿಸಿದೋನು ನಾನು. ಪೂರ್ತಿ ಬಿಚ್ಚಿ ಬೇರೆ ಮಾಡ್ಕೊಡ್ತೀನಿ." ಅವರು ತೆಳ್ಳನೆಯ ಚಾಕು ಕೈಗೆತ್ತಿಕೊಂಡರು.

"ಬಿಚ್ಬೇಡಿ," ಎಂದು ನನ್ನವಳು ಎದ್ದು ನಿಂತಳು. "ಇಲ್ಲಿ ಕೊಡಿ."

ಕುರ್ಚಿಯಿಂದ ನನ್ನನ್ನು ಎಬ್ಬಿಸಿ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಅವಳು ನುಡಿಸಿದಳು. ಕಾರ್ಖಾನೆಯ ಗರಗಸಗಳು ನಿಂತವು. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಆದರೆ ನಿಜ ಹೇಳಬೇಕೆಂದರೆ, ಅವಳು ಮುಗಿಸುವವರೆಗೆ ಬಾಯ್ಬಿಡುವುದು ಬೇಡ ಎಂದೂ ಎನಿಸಿತು. ಅಷ್ಟು ಚೆನ್ನಾಗಿತ್ತು.

"ನೀವು ಆಫೀಸಿಗೆ ಹೋದ್ಮೇಲೆ, ಮಧ್ಯಾಹ್ನ," ಎಂದಳು ನನ್ನ ಮುಖ ನೋಡದೆ. "ನಿನಗೂ ಬರುತ್ತಾ ಅಂತ ಒಂದ್ಸಲನಾದ್ರೂ ಕೇಳ್ತೀರೇನೋ ಅಂತ ಕಾದೆ."

ಯಜಮಾನರು ಅವಳ ಬೆರಳ ತುದಿ ನೋಡಿದರು, ಕಿತ್ತಿಟ್ಟಿದ್ದ ಸವೆದ ಹಳೆಯ ಮೆಟ್ಟುಗಳನ್ನು ನೋಡಿದರು, ನನ್ನನ್ನು ಮಾತ್ರ ನೋಡಲಿಲ್ಲ. ಗ್ರಾಹಕನ ಮರ್ಯಾದೆ ಕಾಪಾಡುವುದೆಂದರೆ ಅದು. ಸದ್ದಿಲ್ಲದೆ ಗ್ಯಾರಂಟಿ ಕಾರ್ಡಿನಲ್ಲಿ ಅವಳ ಹೆಸರು ಬರೆದುಕೊಂಡರು.

ಭಾನುವಾರ ಅವಳು ನುಡಿಸಿದಳು. ಅತ್ತೆಯವರು ಕಣ್ಣು ಮುಚ್ಚಿ ಕೇಳಿ, "ಅಳಿಯಂದಿರು ಎಷ್ಟು ಚೆನ್ನಾಗಿ ಕಲಿಸಿದ್ದಾರೆ," ಎಂದರು. ನನ್ನವಳು ಇಲ್ಲವೆನ್ನಲಿಲ್ಲ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಫೋನ್ ಬಂತು, ಕಾರ್ಖಾನೆಯ ಯಜಮಾನರದು. ಮಾರಿದ ಮೇಲೂ, ರಿಪೇರಿ ಮಾಡಿದ ಮೇಲೂ ವಿಚಾರಿಸುವ ಜನ. ಉಬ್ಬಿಹೋಗಿ, ವಾದ್ಯ ಬಹಳ ಚೆನ್ನಾಗಿದೆ, ಒಂದು ದೂರೂ ಇಲ್ಲ ಎಂದೆ.

"ತುಂಬಾ ಸಂತೋಷ ಸಾರ್," ಎಂದರು ಅದೇ ವಿನಯದಿಂದ. "ಒಂದು ನಿಮಿಷ ಮಾಲೀಕರಿಗೆ ಫೋನ್ ಕೊಡ್ತೀರಾ? ಅವರನ್ನೂ ಒಂದು ಮಾತು ಕೇಳ್ಬಿಡ್ತೀನಿ."